ಮಳವಳ್ಳಿ ಕಡೆಯವರ ಲಂಡನ್

ಮಕ್ಕಳ ಮನೆಗೆಂದು ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಲಂಡನ್ನಿಗೆ ಹೋದ ಅಪ್ಪ-ಅಮ್ಮಂದಿರನ್ನು ಮೊದಲ ವಾರವೇ ಲಂಡನ್ ಐ, ಮೇಣದ ಗೊಂಬೆ ಎಂದು ಸುತ್ತಿಸುವುದು ವಾಡಿಕೆ. ದುಡ್ಡೂ ದಂಡ, ಕ್ಯೂನಲ್ಲಿ ನಿಂತು ಮಂಡಿಯೂ ನೋವು. ತಮ್ಮ ಜಿಲ್ಲೆಯ ಚರಿತ್ರೆಯ ಜಾಡು ಹಿಡಿದು ಹೊರಡುವುದು ಎಷ್ಟೋ ವಾಸಿ.

ಆ ಜಾಡು ಹೈಡ್ ಪಾರ್ಕ್ ಕಾರ್ನರಿನ ಆಪ್ಸ್ಲಿ ಹೌಸಿನಿಂದ ಶುರು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯದ ವಿರುದ್ಧ ಕಾದಿದವರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಒಬ್ಬ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ, ಆಪ್ಸ್ಲಿ ಹೌಸ್ ಇವನದೇ ಮನೆ. ಮೆಟ್ಟಿಲ ಬಳಿ ಕನೋವಾ ಕಡೆದ ನೆಪೋಲಿಯನ್ ನಿಂತಿದ್ದಾನೆ: ಸುಮಾರು ಎರಡಾಳೆತ್ತರ, ಮಾನ ಮುಚ್ಚಲು ಒಂದೇ ಎಲೆ. ಇಲ್ಲಿ ಟಿಕೆಟ್ ಉಂಟು. ವಾರವಿಡೀ ತೆರೆದಿರುವುದಿಲ್ಲ, ಚಳಿಗಾಲದಲ್ಲಿ ಇನ್ನೂ ಕಡಿಮೆ.

ಪಿಕಾಡಿಲಿ ಲೈನಿನಲ್ಲಿ ಅಲ್ಲಿಂದ ಎರಡನೇ ನಿಲ್ದಾಣ ಸೌತ್ ಕೆನ್ಸಿಂಗ್ಟನ್. ಒಂದೇ ಜಾಗ ನೋಡಲು ಪುರುಸೊತ್ತಿದ್ದರೆ ಇಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನೋಡಬೇಕು. ಪ್ರವೇಶ ಉಚಿತ. ಶ್ರೀರಂಗಪಟ್ಟಣದ ಅರಮನೆಯಿಂದ ಕೊಳ್ಳೆ ಹೊಡೆದು ತಂದ ಟಿಪ್ಪುವಿನ ಹುಲಿ ಇರುವುದು ಇಲ್ಲೇ. ಕೆಳಗೆ ಅಂಗಾತ ಬಿದ್ದ ಬಿಳಿಯ, ಅವನ ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ. ಹಿಡಿಕೆ ತಿರುಗಿಸಿದರೆ ಮನುಷ್ಯನ ಕೈ ಮೇಲೆದ್ದು ನರಳುವ ಸದ್ದು ಹೊರಡುತ್ತಿತ್ತು, ಹುಲಿಯ ಪಕ್ಕೆ ತೆರೆದರೆ ಒಳಗೊಂದು ಪುಟ್ಟ ಆರ್ಗನ್. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿದ್ದಾಗ ಬಂದಬಂದವರೆಲ್ಲ ಹಿಡಿಕೆ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುವವರ ತಲೆ ತಿನ್ನುತ್ತಿದ್ದರು. ಈಗ ಮುಟ್ಟುವಂತಿಲ್ಲ. ಗ್ಯಾಲರಿಗಳ ನವೀಕರಣದಲ್ಲಿ ವಸ್ತುಗಳು ಜಾಗ ಬದಲಿಸುವುದುಂಟು. ಹುಲಿ ಎಲ್ಲಿದೆಯೆಂದು ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಬೇಕು.

ಸಂಜೆ ಜಿಲ್ಲೆಯ ಜಾಡು ಬಿಟ್ಟು ಬಸವಣ್ಣನವರ ಪ್ರತಿಮೆಗೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ಥೇಮ್ಸ್ ದಡದಲ್ಲೇ ನಡೆದು, ಲ್ಯಾಂಬೆತ್ ಸೇತುವೆಯನ್ನು ಹಿಂದಿಟ್ಟರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನ. ಪ್ರತಿಮೆ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಓಡಾಟದ ಫಲ. ನದಿಯಾಚೆ ಪಾರ್ಲಿಮೆಂಟು ಕಾಣುತ್ತದೆ.

ಮೋಸವೂ ಇದೇ ದಾರಿಯಲ್ಲಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಮೂರು ಬಟ್ಟಲು, ಒಂದು ಗುಂಡು ಇಟ್ಟುಕೊಂಡು ಕೂತವನು ನಮ್ಮ ಜಾತ್ರೆಗಳ ಆಟವನ್ನೇ ಆಡಿಸುತ್ತಾನೆ. ಗೆದ್ದೆನೆಂದು ಕುಣಿಯುವವನೂ ಅವರವನೇ, ಸುತ್ತ ನಿಂತು ಹುರಿದುಂಬಿಸುವವರೂ ಅವರವರೇ. ದೀಪ ಮಿನುಗಿಸುತ್ತ ಹಾಡು ಹಾಕಿಕೊಂಡು ಬರುವ ಸೈಕಲ್ ರಿಕ್ಷಾ ಇನ್ನೊಂದು ಬಲೆ: ದರ ಕೇಳದೆ ಹತ್ತಿದವರು ಇಳಿಯುವಾಗ ಕಣ್ಣುಬಾಯಿ ಬಿಡುತ್ತಾರೆ.

ಬಸ್ಸಿನಲ್ಲಿ ನಗದು ನಡೆಯದು, ಕಾರ್ಡನ್ನೇ ತಾಗಿಸಬೇಕು. ಗಂಡ-ಹೆಂಡತಿ ಇಬ್ಬರಿಗೂ ಬೇರೆಬೇರೆ ಕಾರ್ಡು ಬೇಕು. ಒಮ್ಮೆ ತಾಗಿಸಿದರೆ ಒಂದು ಗಂಟೆಯೊಳಗೆ ಹತ್ತುವ ಬೇರೆ ಬಸ್ಸುಗಳಿಗೆ ಮತ್ತೆ ಚಾರ್ಜಿಲ್ಲ. ಮೊಮ್ಮಗುವಿಗೆಂದು ಮನೆ ತುಪ್ಪ ಕಟ್ಟಿಕೊಂಡು ಹೋಗುವುದೂ ಬೇಡ, ಭಾರತದಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿರ್ಬಂಧವಿದೆ.

ಇನ್ನೊಂದು ದಿನ ಮಿಕ್ಕರೆ ವಿಂಡ್ಸರ್ ಕೋಟೆ. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ, ಸ್ಫಟಿಕದ ಹಲ್ಲುಗಳ ಸಮೇತ, ಅಲ್ಲಿನ ರಾಜಮನೆತನದ ಸಂಗ್ರಹಕ್ಕೆ ಸೇರಿದೆ. ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಸ್ಲೌನಲ್ಲಿ ಬದಲಿಸಬೇಕು. ಕೋಟೆಯ ಟಿಕೆಟ್ ತಲೆಗೆ ಮೂವತ್ತು ಪೌಂಡಿನ ಮೇಲೇ ಬೀಳುತ್ತದೆ. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.