ಗಣಕಯಂತ್ರದಲ್ಲಿ ನಮ್ಮ ಅಕ್ಷರ

ವಿದ್ಯಾರ್ಥಿಗಳೇ, ಹಳೆಯ ಕಡತವನ್ನು ಹೊಸ ಗಣಕಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದುಂಟು. ‘ಯಂತ್ರ ಕೆಟ್ಟಿತು’ ಎಂದು ಮನೆಯವರು ಬೇಸರಪಡುತ್ತಾರೆ. ನಿಜವಾದ ಕಾರಣವೇನು?

ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳಿಂದ ಕನ್ನಡ ಬೆರಳಚ್ಚು ಸುಲಭವಾಯಿತು. ಆದರೆ ಆಗಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡ ಮಾಯವಾಗುತ್ತದೆ. ಕೆಲವು ದಿನಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಓದಲು ಸಹ ಆಯಾ ಪತ್ರಿಕೆಯ ಅಕ್ಷರಶೈಲಿಯೇ ಬೇಕಾಗುತ್ತಿತ್ತು. ಓದುಗರು ಗೊಣಗುತ್ತಿದ್ದುದು ಸಹಜವೇ.

ಯೂನಿಕೋಡ್ ಈ ತೊಡಕನ್ನು ಬಿಡಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ‘ಲೇಪಾಕ್ಷಿ’ಯ ಕನ್ನಡ ‘ಲ’ಕಾರದ ಸಂಖ್ಯೆ 3250, ತೆಲುಗಿನ ‘ಲ’ಕಾರದ್ದು 3122. ಎರಡೂ ನುಡಿಗಳು ಒಂದೇ ಪುಟದಲ್ಲಿ ನೆರೆಹೊರೆಯವರಂತೆ ಇರಬಲ್ಲವು. ಹಿಂದೂಪುರದಲ್ಲಿ ಬರೆದದ್ದನ್ನು ಬೆಂಗಳೂರಿನ ಬಂಧುಗಳು ತೊಡಕಿಲ್ಲದೆ ಓದಬಹುದು.

ಪೋಷಕರಲ್ಲಿ ವಿನಂತಿ: ಹಳೆಯ ಕಡತಗಳನ್ನು ಅಳಿಸಬೇಡಿರಿ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಮಕ್ಕಳಿಂದಲೇ ತಿದ್ದಿಸಿರಿ. ಗಡಿನಾಡಿನಲ್ಲಿರುವ ನಾವು, ಬರೆದಿಟ್ಟ ಕನ್ನಡವನ್ನು ಕಳೆದುಕೊಳ್ಳಬಾರದಲ್ಲವೇ?