ನವಿಲು ಅಡ್ಡ ಬಂದಾಗ

ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ವಾಕ್ಯವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಒಪ್ಪಿಸಬಲ್ಲರು. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತವೆ. ಆದರೆ ಆ 'ವರ್ಗ' ಎಂಬ ಪದದ ನಿಜವಾದ ತೂಕವನ್ನು ಅರಿತವರು ಬಹು ವಿರಳ. ನಾವೂ ಅದನ್ನು ಅನೇಕ ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದವರೇ. ಅದು ನಮಗೆ ಚೆನ್ನಾಗಿ ಮನದಟ್ಟಾದದ್ದು ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ, ಕೃಷ್ಣರಾಜಪೇಟೆಯಿಂದ ನಾಗಮಂಗಲಕ್ಕೆ ಹೋಗುವ ದಾರಿಯಲ್ಲಿ, ಒಂದು ಹೆಣ್ಣು ನವಿಲಿನ ಮುಂದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪಕ್ಷಿಧಾಮ, ಕಾಡು, ಗುಡಿಗಳನ್ನು ಎರಡು ದಿನಗಳಲ್ಲಿ ನೋಡಿಬರಬೇಕೆಂದು ನಾವಿಬ್ಬರು ಹೊರಟಿದ್ದೆವು. ವಾಹನ ಒಂದು ಹಳೆಯ ಯೆಜ್ಡಿ ಮೋಟಾರು ಸೈಕಲ್ಲು. ಅದೂ ಈ ಸೀಮೆಯ ಒಂದು ಪರಂಪರೆಯೇ ಎನ್ನಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ಈ ಗಾಡಿಗಳು ತಯಾರಾದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಅದು ಗೇರು ಬದಲಿಸುವ ಸನ್ನೆಯಾಗುವುದು ಇದರ ಒಂದು ಚಮತ್ಕಾರ.

ಶ್ರೀರಂಗಪಟ್ಟಣದಲ್ಲಿ ನೋಡತಕ್ಕವು ಹಲವಿದ್ದರೂ ಭೌತಶಾಸ್ತ್ರದ ಕಣ್ಣಿಗೆ ಮೊದಲು ಬೀಳುವುದು ಟಿಪ್ಪು ಸುಲ್ತಾನನ ಕಾಲದ ಒಂದು ಮದ್ದಿನ ಮನೆ. ಬೆಂಗಳೂರು-ಮೈಸೂರು ರೈಲುದಾರಿಗೆ ಎರಡನೆಯ ಹಳಿ ಹಾಕುವಾಗ ಈ ಕಟ್ಟಡ ಅಡ್ಡ ಬಂದಿತು. ಅದನ್ನು ಕೆಡವದೆ, 2017ರಲ್ಲಿ, ಇಟ್ಟಿಗೆ ಗಾರೆಗಳ ಸಮೇತ ಇಡಿಯಾಗಿ ತಳದಿಂದ ಬಿಡಿಸಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ನೂರಾರು ಟನ್ನು ತೂಕದ ಆ ಕಟ್ಟಡ ಬಿರುಕಿಲ್ಲದೆ ಸರಿಯಲು ಕಾರಣವೇನು? ಅದು ಸರಿದ ವೇಗ ಬಹು ಅಲ್ಪವಾಗಿತ್ತು. ಆದುದರಿಂದ ಅದರಲ್ಲಿ ಕೂಡಿದ ಚಲನಶಕ್ತಿಯೂ ಗಣನೆಗೆ ಬಾರದಷ್ಟು ಅಲ್ಪ. ಬೇಕೆಂದ ಕ್ಷಣದಲ್ಲಿ ಅದು ನಿಲ್ಲುತ್ತಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಾಲಿಂ ಅಲಿಯವರ ಒತ್ತಾಯದ ಮೇಲೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿಯೂ ಸೇರಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಂಥ ಕೊಕ್ಕಿನ ಹಕ್ಕಿಗಳು, ಬಂಡೆಗಳ ಮೇಲೆ ಬಾಯ್ದೆರೆದು ಬಿಸಿಲು ಕಾಯಿಸುವ ಮೊಸಳೆಗಳು ಇವನ್ನೆಲ್ಲ ಹುಟ್ಟು ಹಾಕುವ ದೋಣಿಯಲ್ಲಿ ಕುಳಿತು ಹತ್ತಿರದಿಂದಲೇ ನೋಡಬಹುದು. ದೋಣಿ ಸದ್ದಿಲ್ಲದೆ ನಿಧಾನವಾಗಿ ಬರುವುದರಿಂದ ಹಕ್ಕಿಗಳು ಅದನ್ನು ಲೆಕ್ಕಿಸುವುದಿಲ್ಲ.

ನಮ್ಮ ಗಾಡಿಯ ವಿಷಯ ಹಾಗಲ್ಲ. ಅದರದು ಎರಡು ಹೊಡೆತದ ಎಂಜಿನು. ಅಂದರೆ ಅಚ್ಚಿನ ಪ್ರತಿಯೊಂದು ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸ್ಫೋಟಗಳಾದುವು. ತೆರೆದ ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ: ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗ. ಆದುದರಿಂದ ಗಾಡಿಯನ್ನು ಹೊರಗೆ ದೂರದಲ್ಲಿಯೇ ನಿಲ್ಲಿಸಿ ನಡೆದು ಹೋದೆವು. ಸೈಲೆನ್ಸರಿನ ಒಳಭಾಗವನ್ನು ಕಿತ್ತೊಗೆದು ಗುಡುಗುತ್ತ ಬಂದ ಯುವಕರ ಗುಂಪೊಂದನ್ನೂ ಅಂದು ಕಂಡೆವು. ಹಕ್ಕಿ ನೋಡಲು ಬಂದವರು ಮೊದಲು ಹಕ್ಕಿಯನ್ನು ಎಬ್ಬಿಸಿಬಿಡುವ ಈ ಪದ್ಧತಿ ನಮಗಂತೂ ಅರ್ಥವಾಗಿಲ್ಲ.

ಪಾಂಡವಪುರವನ್ನು ದಾಟಿ, ಕುಂತಿಬೆಟ್ಟದ ಬಂಡೆಗಳನ್ನು ದೂರದಿಂದಲೇ ನೋಡಿ, ಜಕ್ಕನಹಳ್ಳಿಯ ಬಳಿ ತಿರುಗಿ ಮೇಲುಕೋಟೆಯನ್ನು ಹತ್ತಿದೆವು. ಚೆಲುವನಾರಾಯಣನ ಗುಡಿಗೂ ರಾಮಾನುಜಾಚಾರ್ಯರ ಹೆಸರಿಗೂ ಪ್ರಸಿದ್ಧವಾದ ಈ ಬೆಟ್ಟದ ಸುತ್ತಲಿನ ಕುರುಚಲು ಕಾಡು ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಧಾಮವಾಯಿತೆಂಬುದು ಅನೇಕ ಯಾತ್ರಿಕರಿಗೆ ತಿಳಿಯದು. ಸುಮಾರು 50 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ಚಿರತೆಯೂ ಉಂಟು. ತೋಳ ನಮಗೆ ಕಾಣಲಿಲ್ಲ.

ಬೆಟ್ಟದ ದಾರಿಯ ತಿರುವುಗಳು ಒಂದು ಒಳ್ಳೆಯ ಪಾಠ. ತಿರುವಿನಲ್ಲಿ ಸವಾರನು ಒಳಮಗ್ಗುಲಿಗೆ ವಾಲುವುದೇತಕ್ಕೆ? ಗಾಡಿ ನೇರವಾಗಿ ಹೋಗಬೇಕೆನ್ನುತ್ತದೆ. ಅದನ್ನು ವೃತ್ತದ ಕೇಂದ್ರದತ್ತ ಎಳೆಯುವ ಬಲ ಚಕ್ರಕ್ಕೂ ನೆಲಕ್ಕೂ ನಡುವಣ ಘರ್ಷಣೆಯಿಂದ ಮಾತ್ರ ಬರಬೇಕು. ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವದ ವೇಗೋತ್ಕರ್ಷ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಬರುವುದು ವಾಲುವ ಕೋನದ ಸ್ಪರ್ಶಕ. ತ್ರಿಜ್ಯ 20 ಮೀಟರ್, ವೇಗ ಸೆಕೆಂಡಿಗೆ 10 ಮೀಟರ್ (ಗಂಟೆಗೆ 36 ಕಿಲೋಮೀಟರ್), ಗುರುತ್ವದ ವೇಗೋತ್ಕರ್ಷ ಸುಲಭಕ್ಕಾಗಿ 10 ಎಂದಿಟ್ಟುಕೊಂಡರೆ ಉತ್ತರ 0.5, ಕೋನ ಸುಮಾರು 27 ಅಂಶ. ವೇಗ 15 ಮೀಟರ್ ಆದರೆ ಉತ್ತರ 1.1ಕ್ಕಿಂತಲೂ ಹೆಚ್ಚು, ಕೋನ 48 ಅಂಶ. ಸಾಮಾನ್ಯ ಟೈರಿಗೆ ಸಾಮಾನ್ಯ ರಸ್ತೆ ಅಷ್ಟು ಹಿಡಿತ ಕೊಡಲಾರದು. ವೇಗ ಒಂದೂವರೆಯಷ್ಟಾದದ್ದಕ್ಕೆ ಬೇಕಾದ ಬಲ ಎರಡೂಕಾಲರಷ್ಟಾಯಿತು! ಇಳಿಯುವಾಗ ಇನ್ನೊಂದು ಎಚ್ಚರಿಕೆ: ಎರಡು ಹೊಡೆತದ ಎಂಜಿನು, ನಾಲ್ಕು ಹೊಡೆತದ್ದರಂತೆ, ಪೆಟ್ರೋಲು ಮುಚ್ಚಿದೊಡನೆ ಗಾಡಿಯನ್ನು ಹಿಂದಕ್ಕೆ ಹಿಡಿಯುವುದಿಲ್ಲ. ಕೆಲಸವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ.

ಮರುದಿನ ಪಶ್ಚಿಮದತ್ತ ಸಾಗಿ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಎರಡು ಗಂಟೆ ಕಳೆದೆವು. ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದು. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳು, ಅವುಗಳ ಮೇಲೆ ಕುದುರೆ ಸವಾರರು, ಇನ್ನೂ ಮೇಲೆ ಬಳ್ಳಿ, ಪುರಾಣಕಥೆ, ಮಕರ, ಕೊನೆಗೆ ಹಂಸ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿರುವುದರಿಂದಲೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಭಾರವಾದ ಪ್ರಾಣಿಯನ್ನು ಅಡಿಯಲ್ಲಿ, ಹಾರುವ ಹಕ್ಕಿಯನ್ನು ಮೇಲೆ ಇಟ್ಟ ಶಿಲ್ಪಿಗೆ ಗುರುತ್ವದ ವಿಷಯ ತಿಳಿದಿತ್ತೆಂದು ನಮ್ಮ ಜೊತೆಗಾರರು ಹಾಸ್ಯ ಮಾಡಿದರು.

ಊಟ ಮುಗಿಸಿ ನಾಗಮಂಗಲದ ದಾರಿ ಹಿಡಿದೆವು. ಡಿಸೆಂಬರ್ ಎಂದರೆ ಈ ಸೀಮೆಯಲ್ಲಿ ಒಕ್ಕಣೆಯ ಕಾಲ. ಹಿಂದೆ ಕಣ ಮಾಡಿ, ಸಗಣಿಯಿಂದ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಈಗ ಎತ್ತುಗಳೂ ಕಡಿಮೆ, ಆಳುಗಳೂ ಕಡಿಮೆ. ಆದುದರಿಂದ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಯ ಮೇಲೆಯೇ ಹರಡುತ್ತಾರೆ. ಹೋಗಿ ಬರುವ ವಾಹನಗಳ ಚಕ್ರಗಳೇ ರೋಣಗಲ್ಲು. ಕಾಳು ಚೆಲ್ಲಿದ ಕಡೆ ಹಕ್ಕಿಗಳು ಬಾರದೆ ಇರುತ್ತವೆಯೆ? ಬೆಳವ, ಗುಬ್ಬಿ, ನವಿಲು ಎಲ್ಲವೂ ಬರುತ್ತವೆ.

ನಮ್ಮ ವೇಗ ಗಂಟೆಗೆ 54 ಕಿಲೋಮೀಟರ್ ಆಸುಪಾಸಿನಲ್ಲಿತ್ತು. ಒಂದು ಹುಣಿಸೆಯ ಮರವನ್ನು ದಾಟುತ್ತಿದ್ದಂತೆ ಮುಂದೆ ಹುರುಳಿಯ ಹಾಸಿನ ಮೇಲೆ ತಲೆ ತಗ್ಗಿಸಿ ಮೇಯುತ್ತಿದ್ದ ಹೆಣ್ಣು ನವಿಲು ಕಂಡಿತು. ಬ್ರೇಕು ಹಾಕಿದೆವು. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಹಿಂಬದಿ ಪಕ್ಕಕ್ಕೆ ಜಾರಿ, ನಾವಿಬ್ಬರೂ ಗಾಡಿಯೂ ಹುರುಳಿ ಸೊಪ್ಪಿನ ಮೇಲೆ ಉದ್ದಕ್ಕೆ ಸರಿದುಹೋದೆವು. ಕಟ್ಟಕಡೆಯ ಗಳಿಗೆಯಲ್ಲಿ ಹಕ್ಕಿ ನೆಗೆದು ಬೇಲಿಯಾಚೆ ಬಿದ್ದಿತು. ಅದು ಉಳಿದದ್ದು ತನ್ನ ಕಾಲಿನ ಬಲದಿಂದ; ನಮ್ಮ ಬ್ರೇಕಿನಿಂದಲ್ಲ. ಶಿರಸ್ತ್ರಾಣವೂ ಸೊಪ್ಪಿನ ಮೆತ್ತೆಯೂ ಇದ್ದುದರಿಂದ ನಮಗೆ ಮೊಳಕೈ ತರಚಿದ್ದಷ್ಟೇ.

ಹುರುಳಿಯ ಒಡೆಯರಾದ ಮುದುಕರೊಬ್ಬರು ಓಡಿಬಂದು ನಮ್ಮನ್ನು ಎಬ್ಬಿಸಿದರು. "ನಿದಾನ್ವಾಗಿ ಬರಬಾರ್ದಾ ಸ್ವಾಮಿ, ನವ್ಲು ಕಾಳ್ ತಿನ್ನಕ್ ಬತ್ತವೆ" ಎಂದರು. ರಸ್ತೆಯ ಮೇಲೆ ಏತಕ್ಕೆ ಹರಡಿದಿರಿ ಎಂದು ಕೇಳಬೇಕೆಂದಿದ್ದ ನಾವು ಸುಮ್ಮನಾದೆವು. ಆ ಪ್ರಶ್ನೆ ತಪ್ಪಲ್ಲ. ಊರಿಗೊಂದು ಸಾರ್ವಜನಿಕ ಕಣವಿದ್ದರೆ ರಸ್ತೆಗೆ ಯಾರೂ ಬರುತ್ತಿರಲಿಲ್ಲ. ಆದರೆ ಹಾಸು ಕಂಡ ಮೇಲೂ ವೇಗ ತಗ್ಗಿಸದೆ ಇದ್ದವರು ನಾವು.

ನೋವು ತುಸು ಇಳಿದ ಮೇಲೆ ಅಧ್ಯಾಪಕರ ಚಟ ಎದ್ದಿತು. ಹುಣಿಸೆಯ ಮರದಿಂದ ನವಿಲು ಮೇಯುತ್ತಿದ್ದ ಜಾಗಕ್ಕೆ 50 ಹೆಜ್ಜೆ. ಅಲ್ಲಿಂದ ಗಾಡಿ ಬಿದ್ದಿದ್ದ ಕಡೆಗೆ ಇನ್ನೂ 20 ಹೆಜ್ಜೆ. ಹೆಜ್ಜೆಗೆ ಮುಕ್ಕಾಲು ಮೀಟರಿನಂತೆ ಹಕ್ಕಿ ಇದ್ದದ್ದು ಸುಮಾರು 37.5 ಮೀಟರಿನಲ್ಲಿ, ನಾವು ನಿಂತದ್ದು ಸುಮಾರು 52 ಮೀಟರಿನಲ್ಲಿ.

ಇದನ್ನು ಲೆಕ್ಕದಿಂದ ಪರೀಕ್ಷಿಸೋಣ. ನಿಲ್ಲಲು ಬೇಕಾಗುವ ದೂರದಲ್ಲಿ ಎರಡು ಭಾಗಗಳು. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ ಕೈಕಾಲು ಬ್ರೇಕನ್ನು ಒತ್ತುವುದಕ್ಕೆ ಸುಮಾರು ಒಂದು ಸೆಕೆಂಡು ಹಿಡಿಯುವುದು. ಆ ಹೊತ್ತಿನಲ್ಲಿ ಗಾಡಿ ಪೂರ್ಣ ವೇಗದಿಂದಲೇ ಓಡುತ್ತಿರುತ್ತದೆ. ಬ್ರೇಕು ಹಿಡಿದ ಮೇಲಿನ ದೂರ ಎರಡನೆಯ ಭಾಗ. ಒಣ ಟಾರು ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೂ 5 ಮೀಟರಿನಂತೆ ಇಳಿಯುವುದೆಂದು ಇಟ್ಟುಕೊಳ್ಳೋಣ. ವೇಗದ ವರ್ಗವನ್ನು ಈ ಇಳಿತದ ಎರಡರಷ್ಟರಿಂದ ಭಾಗಿಸಿದರೆ ಎರಡನೆಯ ದೂರ ಬರುವುದು. ಗಂಟೆಗೆ 54 ಕಿಲೋಮೀಟರ್ ಎಂದರೆ ಸೆಕೆಂಡಿಗೆ 15 ಮೀಟರ್. ಮೊದಲ ಭಾಗ 15 ಮೀಟರ್. ಎರಡನೆಯದು 225ನ್ನು 10ರಿಂದ ಭಾಗಿಸಿದರೆ 22.5 ಮೀಟರ್. ಒಟ್ಟು 37.5. ಬರಿಯ ರಸ್ತೆಯಾಗಿದ್ದರೆ ಹಕ್ಕಿಯ ಮುಂದಕ್ಕೆ ಸರಿಯಾಗಿ ಬಂದು ನಿಲ್ಲುತ್ತಿದ್ದೆವು, ಅಷ್ಟೆ.

ಒಣಗಿದ ಸೊಪ್ಪು, ಉರುಳುವ ಕಾಳು ಇವುಗಳ ಮೇಲೆ ಹಿಡಿತ ಅರ್ಧವಾಯಿತೆಂದುಕೊಂಡರೆ ಎರಡನೆಯ ಭಾಗ 45 ಮೀಟರ್ ಆಗುವುದು, ಒಟ್ಟು 60. ನಮ್ಮ ದಾರಿಯಲ್ಲಿ ಸೊಪ್ಪು ಹಾಸಿದ್ದು ಒಂದು ಭಾಗದಲ್ಲಿ ಮಾತ್ರ. ನಾವು 52ರಲ್ಲಿ ನಿಂತದ್ದು ಹೊಂದುತ್ತದೆ. ಇದಕ್ಕಿಂತಲೂ ಭಯಂಕರವಾದ ಇನ್ನೊಂದು ಲೆಕ್ಕವುಂಟು. ಬರಿಯ ರಸ್ತೆಯಲ್ಲಿ ಗಾಡಿ ಪೂರ್ಣವಾಗಿ ನಿಲ್ಲುತ್ತಿದ್ದ ಜಾಗದಲ್ಲಿ, ಪೂರ್ತಿ ಸೊಪ್ಪಿನ ಮೇಲಾದರೆ, ಅದರ ವೇಗ ಎಷ್ಟಿರುತ್ತದೆ? 225ರಲ್ಲಿ 112.5ನ್ನು ಕಳೆದು ವರ್ಗಮೂಲ ತೆಗೆಯಿರಿ: ಸೆಕೆಂಡಿಗೆ 10.6 ಮೀಟರ್, ಅಂದರೆ ಗಂಟೆಗೆ 38 ಕಿಲೋಮೀಟರ್! ಚಲನಶಕ್ತಿ ಅರ್ಧವಾದಾಗ ವೇಗ ಅರ್ಧವಾಗುವುದಿಲ್ಲ. ಹತ್ತರಲ್ಲಿ ಏಳು ಪಾಲು ಹಾಗೆಯೇ ಉಳಿದಿರುತ್ತದೆ.

ಗಾಡಿ, ಸವಾರರು, ಸಾಮಾನು ಸೇರಿ 300 ಕಿಲೋಗ್ರಾಂ ಎಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನಾವು ಹೊತ್ತೊಯ್ಯುವ ಶಕ್ತಿ 15,000 ಜೂಲ್. 72ರಲ್ಲಿ 60,000. ಇಷ್ಟನ್ನೂ ಬ್ರೇಕು ಮತ್ತು ಟೈರುಗಳು ಶಾಖವಾಗಿ ಕಳೆಯಬೇಕು. ಕಳೆಯದೆ ಉಳಿದದ್ದು ಎದುರಿಗಿದ್ದ ಪ್ರಾಣಿಯ ಪಾಲು. ಭಾರದ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆಯೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬ್ರೇಕಿಗೆ ಸಾಕಷ್ಟು ಬಲವಿದ್ದರೆ ಇಲ್ಲ. ಭಾರ ಹೆಚ್ಚಿದಷ್ಟೇ ಘರ್ಷಣೆಯೂ ಹೆಚ್ಚುವುದರಿಂದ ಲೆಕ್ಕದಲ್ಲಿ ಅದು ವಜಾ ಆಗುತ್ತದೆ. ವೇಗದ ವರ್ಗ ಮಾತ್ರ ಯಾವುದಕ್ಕೂ ವಜಾ ಆಗುವುದಿಲ್ಲ.

ಹಕ್ಕಿಯ ಕಡೆಯಿಂದಲೂ ನೋಡಬೇಕು. ಬರುವ ವಾಹನದ ವೇಗವನ್ನು ಗಮನಿಸದೆ, ಅದು ಇಂತಿಷ್ಟು ದೂರಕ್ಕೆ ಬಂದಾಗ ಮಾತ್ರ ಹಾರುವ ಹಕ್ಕಿಗಳಿವೆಯೆಂದು ಪ್ರಯೋಗಗಳಿಂದ ಕಂಡುಬಂದಿದೆ. ಅಂಥ ಹಕ್ಕಿ 30 ಮೀಟರಿನಲ್ಲಿ ಎಚ್ಚೆತ್ತರೆ, ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಅದಕ್ಕೆ ಮೂರು ಸೆಕೆಂಡು ಬಿಡುತ್ತದೆ. 72ರ ಗಾಡಿ ಒಂದೂವರೆ ಸೆಕೆಂಡು. ಕೋಟ್ಯಂತರ ವರ್ಷಗಳಲ್ಲಿ ಹಕ್ಕಿಗೆ ಎದುರಾದ ಶತ್ರು ನರಿ, ಚಿರತೆ, ಹದ್ದು. ಸಮವೇಗದಿಂದ ನೇರವಾಗಿ ಬಂದು ಹೊಡೆಯುವ ಕಬ್ಬಿಣವಲ್ಲ.

ನಾಗಮಂಗಲದ ಸೌಮ್ಯಕೇಶವನ ಗುಡಿಯನ್ನು ಬೇಗನೆ ನೋಡಿ, ಸಂಜೆಗೆ ಆದಿಚುಂಚನಗಿರಿಯನ್ನು ಸೇರಿದೆವು. ಇಲ್ಲಿನ ಬೆಟ್ಟ 1981ರಲ್ಲಿ ನವಿಲುಧಾಮವಾಯಿತು. ವಿಸ್ತಾರ ಒಂದು ಚದರ ಕಿಲೋಮೀಟರೂ ಇಲ್ಲ. ಕತ್ತಲಾಗುತ್ತಿದ್ದಂತೆ ನವಿಲುಗಳು ಒಂದೊಂದಾಗಿ ಮರದ ಕೊಂಬೆಗಳಿಗೆ ಏರಿದುವು. ಇಷ್ಟು ಚಿಕ್ಕ ಧಾಮದ ಗಡಿಯನ್ನು ನವಿಲು ಓದಬಲ್ಲದೆ? 1963ರಲ್ಲಿ ರಾಷ್ಟ್ರಪಕ್ಷಿಯಾದ ಈ ಹಕ್ಕಿ ಮೇಯುವುದು ಸುತ್ತಲಿನ ಹೊಲಗಳಲ್ಲಿ, ದಾಟುವುದು ಸುತ್ತಲಿನ ರಸ್ತೆಗಳನ್ನು. ಧಾಮದೊಳಗೆ ಕಾವಲುಗಾರನಿದ್ದಾನೆ; ರಸ್ತೆಯ ಮೇಲೆ ಸವಾರನೊಬ್ಬನೇ.

ಮರಳುವಾಗ ರಾತ್ರಿಯಾಯಿತು. ಜಕ್ಕನಹಳ್ಳಿಗಿಂತ ಸ್ವಲ್ಪ ಹಿಂದೆ ದೀಪದ ಬೆಳಕಿನ ಅಂಚಿನಲ್ಲಿ ಎರಡು ಹಸಿರು ಚುಕ್ಕೆಗಳು ಹೊಳೆದುವು. ನರಿ, ತೋಳ, ಚಿರತೆಗಳ ಕಣ್ಣಿನಲ್ಲಿ ಅಕ್ಷಿಪಟದ ಹಿಂದೆ ಕನ್ನಡಿಯಂಥ ಒಂದು ಪದರವುಂಟು. ಒಮ್ಮೆ ಹಾದುಹೋದ ಬೆಳಕನ್ನು ಅದು ಮರಳಿಸಿ ಅಕ್ಷಿಪಟಕ್ಕೆ ಎರಡನೆಯ ಅವಕಾಶ ಕೊಡುತ್ತದೆ. ಉಳಿದದ್ದು ಬಂದ ದಾರಿಯಲ್ಲಿಯೇ ಹಿಂದಿರುಗಿ ನಮಗೆ ಹೊಳಪಾಗಿ ಕಾಣುತ್ತದೆ. ಮನುಷ್ಯನಿಗೆ ಈ ಪದರವಿಲ್ಲ. ಮಂದ ಬೆಳಕಿಗೆಂದು ಸಿದ್ಧವಾದ ಆ ಕಣ್ಣಿಗೆ ನಮ್ಮ ದೀಪ ಎಂಥ ಕುರುಡು ತರುವುದೆಂದು ಊಹಿಸಬಹುದು. ಗಾಡಿಯನ್ನು ನಿಲ್ಲಿಸಿ ದೀಪವನ್ನು ಆರಿಸಿದೆವು. ಸೊಪ್ಪು ಸರಿದ ಸದ್ದಾಯಿತು. ಅದು ಯಾವ ಪ್ರಾಣಿಯೆಂದು ತಿಳಿಯಲಿಲ್ಲ.

ನಮ್ಮ ಹಳೆಯ ದೀಪದಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುತ್ತಿದ್ದುದು 40 ಮೀಟರಿನಷ್ಟು. ಈ ದೂರದೊಳಗೆ ನಿಲ್ಲಬೇಕಾದರೆ, ಮೇಲಿನ ಲೆಕ್ಕದಂತೆ, ಬರಿಯ ರಸ್ತೆಯಲ್ಲಿ ಗಂಟೆಗೆ 56 ಕಿಲೋಮೀಟರ್ ಮೀರಬಾರದು. ಸೊಪ್ಪಿನ ಮೇಲೆ 43. ನಾವು 40ರಲ್ಲಿ ಬಂದೆವು. ಮೂವತ್ತು ಕಿಲೋಮೀಟರಿಗೆ 60ರ ವೇಗದಲ್ಲಿ ಅರ್ಧ ಗಂಟೆ, 40ರಲ್ಲಿ ಮುಕ್ಕಾಲು ಗಂಟೆ. ನಷ್ಟವಾದದ್ದು ಹದಿನೈದು ನಿಮಿಷ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಲೆಂದು ಒಂದು ಲೆಕ್ಕವನ್ನು ಬಿಟ್ಟಿದ್ದೇವೆ. ಜನವರಿಯ ಬೆಳಗಿನ ಮಂಜಿನಲ್ಲಿ ಕಾವೇರಿಯ ಬಯಲಿನ ರಸ್ತೆ ಕಾಣುವುದು 25 ಮೀಟರ್ ಮಾತ್ರ. ಪ್ರತಿಕ್ರಿಯೆಗೆ ಒಂದು ಸೆಕೆಂಡು. ವೇಗದ ಇಳಿತ ಒಣ ರಸ್ತೆಯಲ್ಲಿ ಸೆಕೆಂಡಿಗೆ 5 ಮೀಟರ್, ರಾಗಿ ಹುಲ್ಲಿನ ಮೇಲೆ 2.5 ಮೀಟರ್. ಎರಡು ಸಂದರ್ಭಗಳಲ್ಲಿಯೂ ಮೀರಬಾರದ ವೇಗವೆಷ್ಟು? ಉತ್ತರ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಮಾನದಲ್ಲಿ ಬರಲಿ.