ಮನೆಯಂಗಳದ ಅರ್ಧ ಗಂಟೆ: ವಯೋಮಾನಕ್ಕೆ ತಕ್ಕ ಸರಳ ಕಲಿಕಾ ಚಟುವಟಿಕೆಗಳು

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಪೋಷಕರು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಗ್ರಂಥಾಲಯ ಮೇಲ್ವಿಚಾರಕರ ಅವಗಾಹನೆಗಾಗಿ)

ಗ್ರಾಮಸಭೆಯೊಂದರಲ್ಲಿ ಮಕ್ಕಳ ಕಲಿಕೆಯ ವಿಷಯ ಪ್ರಸ್ತಾಪವಾದಾಗ ಒಬ್ಬ ತಾಯಿ ಎದ್ದು ನಿಂತು, “ಸಾಹೇಬ್ರ, ನನಗ ಅಕ್ಷರ ಬರಂಗಿಲ್ರಿ. ಮನ್ಯಾಗ ಏನ್ ಕಲಸ್ಲಿ?” ಎಂದು ಕೇಳಿದರು. ಸಭೆ ಮುಗಿದ ಮೇಲೆ ಅದೇ ತಾಯಿ ತಮ್ಮ ತೊಗರಿಯ ಲೆಕ್ಕ ಹೇಳಿದರು: ಎಷ್ಟು ಚೀಲ, ಕ್ವಿಂಟಲ್‌ಗೆ ಯಾವ ದರ, ಹಮಾಲಿ ಮತ್ತು ಗಾಡಿ ಬಾಡಿಗೆ ಕಳೆದು ಕೈಗೆ ಉಳಿದದ್ದೆಷ್ಟು. ಕಾಗದವಿರಲಿಲ್ಲ, ಲೇಖನಿಯಿರಲಿಲ್ಲ. ಇಂಜಿನಿಯರಿಂಗ್ ಪದವೀಧರನಾದ ನಾನು ಮೊಬೈಲಿನಲ್ಲಿ ತಾಳೆ ನೋಡಿದೆ; ಲೆಕ್ಕ ಸರಿಯಾಗಿತ್ತು. ಅಕ್ಷರ ಬಾರದ ಮನೆಯಲ್ಲಿಯೂ ಕಲಿಸತಕ್ಕ ವಿದ್ಯೆ ಇದೆ ಎಂಬುದೇ ಈ ಲೇಖನದ ತಿರುಳು.

ಇದರ ಅಗತ್ಯವೇನು?

ತೊಗರಿ ಕಟಾವಿನ ದಿನಗಳಲ್ಲಿ ನಮ್ಮ ಭಾಗದ ಅನೇಕ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಕೆಲವು ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದ್‌ಗಳಿಗೆ ದುಡಿಯಲು ತೆರಳುತ್ತವೆ. ಬಳಿಕ ಬೇಸಿಗೆ ರಜೆ. ಆಗಷ್ಟೇ ಓದಲು ಕಲಿತ ಮಗು ಈ ಅವಧಿಯಲ್ಲಿ ಕಲಿತದ್ದನ್ನು ಮರೆಯುತ್ತದೆ. ಮರಳಿ ಬಂದಾಗ ತರಗತಿ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತದೆ. ಶಾಲೆ ಬಿಡುವುದು ಅನೇಕ ಸಲ ಆ ಸಂಕೋಚದಿಂದಲೇ ಆರಂಭವಾಗುತ್ತದೆ. ದಿನಕ್ಕೆ ಅರ್ಧ ಗಂಟೆಯ ಮನೆ ಕಲಿಕೆ ಈ ಮರೆವನ್ನು ತಡೆಯಬಲ್ಲದು.

ಆದರೆ ಮನೆ ಕಲಿಕೆ ಶಾಲೆಗೆ ಪರ್ಯಾಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕಿದೆ. ಈ ಚಟುವಟಿಕೆಗಳು ಆ ಹಕ್ಕಿಗೆ ಆಸರೆ ಮಾತ್ರ.

3ರಿಂದ 6 ವರ್ಷ: ಮಾತು ಮತ್ತು ಕೈ

ತೊಗರಿ, ಕಡಲೆ, ಜೋಳದ ಕಾಳುಗಳನ್ನು ಬೆರೆಸಿ ಮೊರದಲ್ಲಿಟ್ಟು, ಬೇರೆ ಬೇರೆ ಮಾಡಲು ಹೇಳಬೇಕು. ಬೆರಳುಗಳಿಗೆ ಹಿಡಿತ ಬರುತ್ತದೆ, ಕಣ್ಣು ವ್ಯತ್ಯಾಸ ಗುರುತಿಸುತ್ತದೆ. ಕಾಳನ್ನು ಮಗು ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ದೊಡ್ಡವರು ಜೊತೆಯಲ್ಲಿರಬೇಕು. ರಾತ್ರಿ ಒಂದು ಕಥೆ ಹೇಳಿ, ಮರುದಿನ ಅದನ್ನೇ ಮಗುವಿನಿಂದ ಹೇಳಿಸಬೇಕು. ಮನೆಮಾತು ಮರಾಠಿ, ಉರ್ದು ಅಥವಾ ಲಂಬಾಣಿಯಾಗಿದ್ದಲ್ಲಿ ಆ ಭಾಷೆಯಲ್ಲಿಯೇ ಹೇಳಬಹುದು. ಒಂದು ಭಾಷೆಯಲ್ಲಿ ಬೆಳೆದ ಮಾತು ಇನ್ನೊಂದನ್ನು ಕಲಿಯಲು ನೆರವಾಗುತ್ತದೆ.

6ರಿಂದ 8 ವರ್ಷ: ಅಕ್ಷರ ಮತ್ತು ಎಣಿಕೆ

ಬಸ್ಸಿನ ಫಲಕ, ಬೀಜದ ಚೀಲ, ಸಾಬೂನಿನ ಹೊದಿಕೆ, ಪಡಿತರ ಚೀಟಿ ಇವೆಲ್ಲ ಓದಿನ ಸಾಮಗ್ರಿಗಳೇ. ದಿನಕ್ಕೆ ಐದು ಪದ ಓದಿಸಿ, ಗೋಡೆಯ ಮೇಲೆ ಇದ್ದಿಲಿನಿಂದಾದರೂ ಬರೆಸಬೇಕು. ಹುಣಸೆ ಬೀಜಗಳನ್ನು ಹತ್ತರ ಗುಂಪು ಮಾಡಿಸಿದರೆ ಬಿಡಿ, ಹತ್ತು, ನೂರು ಅರ್ಥವಾಗುತ್ತವೆ. ರೊಟ್ಟಿಯನ್ನು ಸಮನಾಗಿ ಎರಡು, ನಾಲ್ಕು ಭಾಗ ಮಾಡಿ ಹಂಚಿಸಿದರೆ ಅರ್ಧ, ಕಾಲು ಎಂಬುದು ತಟ್ಟೆಯಲ್ಲಿಯೇ ಕಾಣುತ್ತದೆ.

9ರಿಂದ 11 ವರ್ಷ: ಅಳತೆ ಮತ್ತು ಆಟ

33 ಅಡಿಯ ಹಗ್ಗವೊಂದನ್ನು ಮಾಡಿಕೊಳ್ಳಿರಿ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಹೊಲದ ಒಂದು ಮೂಲೆಯಲ್ಲಿ ಗುಂಟೆಯನ್ನು ಅಳೆದ ಮಗುವಿಗೆ ಪಹಣಿಯಲ್ಲಿನ ಅಂಕಿಗಳು ಒಗಟಾಗಿ ಉಳಿಯುವುದಿಲ್ಲ. ಬಿಡುವಿನಲ್ಲಿ ಚೌಕಾಬಾರ ಆಡಿಸಬಹುದು. ನಾಲ್ಕು ಕವಡೆಗಳನ್ನು ಐವತ್ತು ಸಲ ಹಾಕಿಸಿ, ಯಾವ ಸಂಖ್ಯೆ ಎಷ್ಟು ಬಾರಿ ಬಿತ್ತೆಂದು ಗೆರೆ ಎಳೆದು ಬರೆಸಿರಿ. ಎರಡು, ಮೂರು ಮೇಲಿಂದ ಮೇಲೆ ಬಿದ್ದು ಚೌಕಾ, ಬಾರ ಅಪರೂಪವಾದರೆ ಕಾರಣವೇನೆಂದು ಮಗುವೇ ಯೋಚಿಸಲಿ.

12ರಿಂದ 14 ವರ್ಷ: ಲೆಕ್ಕದಿಂದ ವಿಜ್ಞಾನಕ್ಕೆ

ಗೌಂಡಿಯು ಪಾಯದ ಮೂಲೆಯನ್ನು ಹೇಗೆ ಸರಿಮಾಡುತ್ತಾನೆಂದು ನೋಡಲು ಮಗುವನ್ನು ಕಳುಹಿಸಿರಿ. ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ಅವೆರಡರ ನಡುವಿನ ಅಂತರ 5 ಅಡಿ ಬಂದರೆ ಮೂಲೆ ಸರಿಯಾಗಿದೆ ಎಂದರ್ಥ. ಪಠ್ಯದ ಪೈಥಾಗೊರಸ್ ಪ್ರಮೇಯ ಇದೇ.

ಮಳೆಗಾಲದಲ್ಲಿ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದು ನಿತ್ಯ ಬರೆಸಿರಿ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಎಕರೆಯೆಂದರೆ ಸುಮಾರು 4,047 ಚದರ ಮೀಟರ್. 10 ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 40 ಸಾವಿರ ಲೀಟರ್. ಒಡ್ಡು ಏಕೆ ಬೇಕೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಲಭ್ಯವಿರುವ ಸಂಪನ್ಮೂಲಗಳು

2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಮೊಬೈಲ್ ಇದ್ದವರು ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನೂ, ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳನ್ನೂ ಉಚಿತವಾಗಿ ಪಡೆಯಬಹುದು. ಎಲ್ಲಕ್ಕಿಂತ ದೊಡ್ಡ ಸಂಪನ್ಮೂಲ ನೆರೆಹೊರೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದ್ದನ್ನು ನಾವು ಕಂಡಿದ್ದೇವೆ. ಓಣಿಯ ಹಿರಿಯ ವಿದ್ಯಾರ್ಥಿಯೊಬ್ಬರು ಐದಾರು ಮಕ್ಕಳನ್ನು ಕೂಡಿಸಿಕೊಂಡರೆ ಇಂದಿಗೂ ಅದು ಸಾಧ್ಯ.

ವಲಸೆ ಹೋಗುವ ಕುಟುಂಬಗಳಿಗೆ

ಹೊರಡುವ ಮುನ್ನ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಪಠ್ಯಪುಸ್ತಕಗಳನ್ನು ಗಂಟಿನೊಂದಿಗೆ ಒಯ್ಯಿರಿ. ಹೋದ ಊರಿನ ಸರ್ಕಾರಿ ಶಾಲೆಯಲ್ಲಿ ಮಗುವನ್ನು ಸೇರಿಸಿರಿ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ.

ಕೊನೆಯದಾಗಿ, ಓದು ಬಾರದ ತಾಯಿ-ತಂದೆಯರು ಮಾಡಬಹುದಾದ ಒಂದು ಕೆಲಸವಿದೆ. ಸಂಜೆ ಒಲೆಯ ಮುಂದೆ ಕುಳಿತಾಗ ಮಗುವಿಗೆ ಗಟ್ಟಿಯಾಗಿ ಓದಲು ಹೇಳಿ, ಕೇಳಿರಿ. ಮಗು ಎಲ್ಲಿ ತಡವರಿಸಿತು ಎಂಬುದು ಅಕ್ಷರ ಬಾರದವರಿಗೂ ತಿಳಿಯುತ್ತದೆ. “ಇನ್ನೊಮ್ಮೆ ಓದು” ಎಂದರೆ ಸಾಕು. ಈ ಅರ್ಧ ಗಂಟೆಯನ್ನು ಇಂದು ಸಂಜೆಯಿಂದಲೇ ಆರಂಭಿಸಬೇಕೆಂದು ಎಲ್ಲ ಪೋಷಕರಲ್ಲಿ ಕೋರಲಾಗಿದೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ